ಬಣ್ಣ ತಿರುಗಿದ ಹುಡುಗಿ

ನಿನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ, ಮಂದಿಯ ಕಣ್ಣು ನೋಡುವುದು ಎನ್ನುತ್ತೇನೆ. ಹಾಗೆಂದು ನಾನು ಕಣ್ಣಿನ ಡಾಕ್ಟರಲ್ಲ. ಹೈಸ್ಕೂಲು, ಪಿಯುಸಿ ಓದುವ ಮಕ್ಕಳ ತಂದೆತಾಯಂದಿರನ್ನು ಶಾಲೆಯಲ್ಲಿ ಕೂಡಿಸಿ, ಬೆಳೆಯುವ ಮಕ್ಕಳಿಗೆ ಜಡ್ಡು ಬರುವ ಮೊದಲೇ ಏನು ನೋಡಬೇಕು, ಏನು ತಿನ್ನಿಸಬೇಕು ಎಂದು ತಿಳಿಹೇಳುವುದು ನನ್ನ ನೌಕರಿ. ಯಾದಗಿರಿಯಲ್ಲಿ ಒಂದು ಬಾಡಿಗೆ ಕೋಣೆ ಇದೆ. ಆದರೆ ಅರ್ಧ ಆಯುಷ್ಯ ಶಹಾಪುರ, ಸುರಪುರ, ಹುಣಸಗಿಯ ಬಸ್ಸುಗಳಲ್ಲೇ ಕಳೆದಿದೆ. ಸಭೆ ಶುರುವಾಗುತ್ತಲೇ ನಾನು ನನ್ನದೇ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು ಒಳಗಿನ ಬಣ್ಣ ತೋರಿಸುತ್ತೇನೆ. ಅದು ಕೆಂಪಗಿದ್ದರೆ ಮೈಯಲ್ಲಿ ರಕ್ತ ಇದೆ, ಬಿಳುಪಾಗಿದ್ದರೆ ಇಲ್ಲ. ಮನೆಗೆ ಹೋಗಿ ನಿಮ್ಮ ಮಕ್ಕಳ ಕಣ್ಣು ಹೀಗೆ ನೋಡಿರಿ ಎಂದು ಕೈಮುಗಿದು ಹೇಳುತ್ತೇನೆ.

ಅವರು ನಗುತ್ತಾರೆ. ನಗದೆ ಏನು ಮಾಡಿಯಾರು? ಹೆಣ್ಣುಮಗಳೊಬ್ಬಳು ಮಂದಿಯ ಮುಂದೆ ನಿಂತು ಕಣ್ಣು ಕಿಸಿದುಕೊಂಡು ತೋರಿಸಿದರೆ ನನಗೂ ನಗು ಬಂದೀತು. ಶಹಾಪುರದ ಹತ್ತಿರದ ಒಂದು ಶಾಲೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದಳು.

"ಜಡ್ಡ ಇದ್ದವರಿಗಿ ಗುಳಿಗಿ ಕೊಡ್ರಿ ಮೇಡಮ್ಮರ. ಆರಾಮ ಇದ್ದ ಹುಡುಗಿಗಿ ಗುಳಿಗಿ ಯಾಕ್ರಿ?"

"ಜಡ್ಡ ಬರಬಾರದಂತ ಕೊಡ್ತೀವವ್ವ."

"ಬಂದೇ ಇಲ್ಲಲ್ರಿ ಮತ್ತ!"

ಇಡೀ ಕೋಣೆ ಹೋ ಎಂದು ನಕ್ಕಿತು. ಆಕೆಯ ಪಕ್ಕದವಳು ನಗು ತಡೆದುಕೊಂಡು ನಿಜವಾದ ಪ್ರಶ್ನೆ ಕೇಳಿದಳು. ಪ್ರತಿ ಊರಿನಲ್ಲೂ ಕಡೆಗೆ ಬಂದು ನಿಲ್ಲುವ ಪ್ರಶ್ನೆ ಅದೇ.

"ಈ ಗುಳಿಗಿ ತಿಂದ್ರ ಹುಡುಗ್ಯಾರು ಕರ್ರಗ ಆಗ್ತಾರಂತ, ಖರೇ ಏನ್ರಿ?"

ಕಬ್ಬಿಣದ ಗುಳಿಗೆ ತಿಂದರೆ ಮಲ ಕಪ್ಪಗಾಗುತ್ತದೆ. ಇರುವುದು ಇಷ್ಟೇ. ಹೊಟ್ಟೆಯೊಳಗೆ ಹೋಗಿ ಕಪ್ಪು ಮಾಡುವ ಗುಳಿಗೆ ಮೈ ತೊಗಲನ್ನೂ ಕಪ್ಪು ಮಾಡದೆ ಬಿಟ್ಟೀತೇ ಎಂಬುದು ತಾಯಂದಿರ ಲೆಕ್ಕ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಪ್ರತಿ ಸಲ ಮೊದಲ ಸಲ ಕೇಳಿದವಳ ಹಾಗೆ ಸಮಾಧಾನದಿಂದ ಉತ್ತರ ಕೊಡುತ್ತಿದ್ದೆ. ಎಷ್ಟೋ ಮಂದಿ ಕೇಳಿದರು, ಗುಳಿಗೆ ತಿನ್ನಿಸಿದರು, ಮಕ್ಕಳು ಚೇತರಿಸಿಕೊಂಡರು. ಕೇಳದವಳು ಸುರಪುರದಲ್ಲಿದ್ದಳು, ಅವಳು ನನ್ನ ಒಡಹುಟ್ಟಿದ ಅಕ್ಕ.

ನಮ್ಮ ಮನೆತನದ ಬಣ್ಣ ಎರೆಮಣ್ಣಿನದು. ಅಪ್ಪ, ಅವ್ವ, ಅಕ್ಕ, ನಾನು, ಎಲ್ಲರೂ ಕಪ್ಪು. ಅಕ್ಕನನ್ನು ನೋಡಲು ಬಂದವರೆಲ್ಲ ಚಹಾ ಕುಡಿದು, ಹುಡುಗಿ ಗುಣವಂತೆ ಎಂದು ಹೊಗಳಿ, ಬಂದ ದಾರಿ ಹಿಡಿದುಬಿಡುತ್ತಿದ್ದರು. ಪ್ರತಿ ಸಲ ಅವಳು ಹಿತ್ತಲಿಗೆ ಹೋಗಿ, ಮೈಗೆ ಅರಿಶಿನ ತಿಕ್ಕಿಕೊಂಡು ಅಳುತ್ತಿದ್ದಳು. ಕೊನೆಗೆ ಟಂಟಂ ಗಾಡಿ ಹೊಡೆಯುವ ಒಬ್ಬ ಒಳ್ಳೆಯ ಮನುಷ್ಯ ಒಪ್ಪಿದ. ಆದರೆ ಅವನ ತಾಯಿ ಸಾಯುವ ತನಕ ಸೊಸೆಯನ್ನು "ಏ ಕರ್ರಗಿನಾಕಿ" ಎಂದೇ ಕರೆದಳು. ನನ್ನದೂ ಚಹಾ ಕುಡಿಸುವ ಕತೆಯೇ ಆಗಿತ್ತು. ನಾನು ಬೇಗ ಬೇಸತ್ತು, ಇನ್ನು ಯಾರಿಗೂ ಚಹಾ ಕೊಡುವುದಿಲ್ಲ ಎಂದು ಹೇಳಿ ನೌಕರಿ ಹಿಡಿದೆ.

ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಪಿಯುಸಿ, ಚಿಕ್ಕವಳು ಎಂಟನೆಯ ಕ್ಲಾಸು. ಇಬ್ಬರೂ ನಮ್ಮದೇ ಬಣ್ಣದವರು. ದೊಡ್ಡವಳು ನಕ್ಕರೆ ಇಡೀ ಮನೆ ಕೇಳುವಷ್ಟು ಜೋರು. ಅಕ್ಕನ ಮನೆ ಗುಡ್ಡದ ಮಗ್ಗುಲಿಗೆ ಹತ್ತಿ ಹೋಗುವ ಓಣಿಯಲ್ಲಿದೆ. ಕೆಳಗಿನ ರಸ್ತೆಯಿಂದ ಕಲ್ಲಿನ ಮೆಟ್ಟಿಲು ಹತ್ತಿಯೇ ಹೋಗಬೇಕು. ಚಿಕ್ಕಂದಿನಲ್ಲಿ ದೊಡ್ಡವಳು ನನ್ನ ಕೈಚೀಲ ಕಸಿದುಕೊಂಡು ಆ ಮೆಟ್ಟಿಲನ್ನು ಒಂದೇ ಉಸಿರಿನಲ್ಲಿ ಹತ್ತಿ, ಮೇಲೆ ನಿಂತು "ಬಾ ಚಿಗವ್ವ, ಮುದುಕಿ ಆಗೀಯೇನ?" ಎಂದು ಕಾಡುತ್ತಿದ್ದಳು.

ಆ ವರ್ಷ ಪಂಚಮಿ ಹಬ್ಬಕ್ಕೆ ಹೋದಾಗ ಬಾಗಿಲಲ್ಲೇ ಅಕ್ಕ ನನ್ನನ್ನು ತಡೆದು ನಿಲ್ಲಿಸಿದಳು. ಮುಖದಲ್ಲಿ ನಗು ತುಂಬಿ ತುಳುಕುತ್ತಿತ್ತು.

"ಒಳಗ ಬಂದು ನಿನ್ನ ಮಗಳ್ನ ನೋಡ. ದೊಡ್ಡಾಕಿ ಆದ ಮ್ಯಾಲ ಹ್ಯಾಂಗ ಬಣ್ಣ ತಿರಗ್ಯಾದ ನೋಡ! ಗುರ್ತs ಹಿಡಿಯಂಗಿಲ್ಲ ನೀ."

ಗುರುತು ಹಿಡಿಯಲು ನಿಜವಾಗಿಯೂ ಕಷ್ಟವಾಯಿತು. ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಚಿಕ್ಕವಳು ನಿಂತು ಜೀಕುತ್ತಿದ್ದಳು. ದೊಡ್ಡವಳು ಕಟ್ಟೆಯ ಮೇಲೆ ಎದೆಗೆ ಕೈ ಒತ್ತಿಕೊಂಡು ಕುಳಿತಿದ್ದಳು. ಮುಖ ಹಿಟ್ಟು ಬಳಿದ ಹಾಗಿತ್ತು. ತುಟಿಗೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ನನ್ನನ್ನು ನೋಡಿ ಎದ್ದವಳು ಹಾಗೆಯೇ ಮತ್ತೆ ಕುಳಿತಳು. ಬಾಯಲ್ಲಿ ಏನನ್ನೋ ಕಟುಂ ಕಟುಂ ಅಗಿಯುತ್ತಿದ್ದಳು. ತೆಗೆ ಎಂದರೆ ಅಂಗೈಗೆ ಉಗುಳಿದಳು, ಬಳಪದ ಚೂರು.

"ಅದೊಂದು ಕೆಟ್ಟ ಚಟ ಹತ್ಯಾದ ಆಕಿಗಿ," ಎಂದಳು ಅಕ್ಕ. "ಬಳಪ ಕಂಡ್ರ ಬಿಡಂಗಿಲ್ಲ. ಎರಡು ಸಲ ಬಾಸುಂಡಿ ಬರೂ ಹಂಗ ಹೊಡದೀನಿ."

ಅಷ್ಟರಲ್ಲಿ ಬಳೆ ಮಾರುವ ಖಾಲಾ ಬಂದಳು. ಹಬ್ಬಕ್ಕೆ ಓಣಿಯ ಹೆಣ್ಣುಮಕ್ಕಳಿಗೆಲ್ಲ ಅವಳೇ ಬಳೆ ಇಡಿಸುವುದು. ಹುಡುಗಿಯ ಕೈ ಹಿಡಿದು, "ಕಿತ್ತಿ ಗೋರಿ ಹೋಗಯಿ ಗೇ ತೂ!" ಎಂದು ಲಟಿಕೆ ಮುರಿದು ದೃಷ್ಟಿ ತೆಗೆದಳು. ಅಕ್ಕ ಉಬ್ಬಿಹೋದಳು. ಮನೆಯಲ್ಲಿ ಆಗಲೇ ಎಲ್ಲರೂ ಅವಳನ್ನು ಗೋರಿ ಎಂದು ಕರೆಯತೊಡಗಿದ್ದರು. ಖಾಲಾಳ ಉರ್ದು ಮಾತಿನಲ್ಲಿ ಗೋರಿ ಎಂದರೆ ಬೆಳ್ಳಗಿನವಳು, ನಮ್ಮ ಮಾತಿನಲ್ಲಿ ಗೋರಿ ಎಂದರೆ ಸತ್ತವರನ್ನು ಹೂಳಿದ ಜಾಗ. ಸುರಪುರದ ಓಣಿಗಳಲ್ಲಿ ಎರಡು ಮಾತೂ ಅಕ್ಕಪಕ್ಕದ ಮನೆಗಳಲ್ಲಿರುತ್ತವೆ, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅವತ್ತು ನಾನು ಮಾತ್ರ ಹಚ್ಚಿಕೊಂಡೆ.

ಹುಡುಗಿಯನ್ನು ಬೆಳಕಿಗೆ ಕರೆತಂದು ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪಿನ ಒಂದು ಗೆರೆಯೂ ಇರಲಿಲ್ಲ. ಅಲ್ಲಿ ಸುಣ್ಣದ ಗೋಡೆಯಂಥ ಬಿಳುಪು ಇತ್ತು.

"ಅಕ್ಕ, ಇದು ಬಣ್ಣ ಬಂದದ್ದಲ್ಲ. ಹುಡುಗಿ ಬಿಳಚಿಕೊಂಡಾಳ. ಮೈಯಾಗ ರಕ್ತ ಇಲ್ಲ."

"ಬೆಳ್ಳಗಾಗೂದಕ್ಕೂ ಬಿಳಚಿಕೊಳ್ಳೂದಕ್ಕೂ ಏನವ್ವ ಫರಕ? ಎರಡೂ ಬಿಳೇವs ಅಲ್ಲ?"

"ಬೆಳ್ಳಗಾದಾಕಿ ಮೆಟ್ಟಲ ಹತ್ತತಾಳ. ಬಿಳಚಿಕೊಂಡಾಕಿ ಅರ್ಧದಾಗ ಕೂಡ್ತಾಳ. ಈಕಿ ಎಲ್ಲಿ ಕೂಡ್ತಾಳ, ಕೇಳ."

ಅಕ್ಕ ಕೇಳಲಿಲ್ಲ. ಕಡುಬು ಕುದಿಯುತ್ತಿದೆ ಎಂದು ಒಳಗೆ ಹೋದಳು. ಮುಟ್ಟಿನ ಬಗ್ಗೆ ಕೇಳಬೇಕಾಗಿದ್ದನ್ನು ನಾನೇ ಹುಡುಗಿಯನ್ನು ಬಚ್ಚಲಮನೆಯ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆ. ಅವಳು ತಲೆ ತಗ್ಗಿಸಿದಳು.

"ಕಡಿಗಾದ್ರ ನಿಲ್ಲಂಗೇ ಇಲ್ಲ ಚಿಗವ್ವ. ಒಂದು ತಿಂಗಳದು ಮುಗಿಯೂದರಾಗ ಮುಂದಿಂದು ಬರ್ತದ. ಅವ್ವ ಅಂತಾಳ, ಮೈಯಾಗಿನ ಕೆಟ್ಟ ರಕ್ತ ಹೋಗ್ತದ, ಹೋದಷ್ಟು ಛಲೋ. ಅದಕ್ಕs ಬಣ್ಣ ತಿರಗ್ಯಾದಂತ."

ಕೆಟ್ಟ ರಕ್ತ ಹೋಗುತ್ತದೆ ಎನ್ನುವುದು ನಮ್ಮ ಅವ್ವನೂ ಹೇಳಿದ ಮಾತೇ. ಅಕ್ಕ ಆ ಮಾತಿಗೆ ಮಗಳ ಬಿಳುಪನ್ನು ಜೋಡಿಸಿ, ಕಪ್ಪು ರಕ್ತ ಹೊರಗೆ ಹೋಗಿ ಮಗಳು ಬೆಳ್ಳಗಾಗುತ್ತಿದ್ದಾಳೆ ಎಂದು ನಂಬಿದ್ದಳು. ಹರಕೆ ಹೊತ್ತರೂ ತನಗೆ ಸಿಗದಿದ್ದದ್ದು ಮಗಳಿಗೆ ತಾನಾಗಿಯೇ ಒದಗಿ ಬಂದಿದೆ ಎಂದುಕೊಂಡಿದ್ದಳು. ಇದನ್ನು ಯಾವ ಸಭೆಯಲ್ಲಿ ನಿಂತು, ಯಾವ ಚಿತ್ರ ತೋರಿಸಿ ಬಿಡಿಸಲಿ ಹೇಳಿ?

ಕೈಚೀಲದಲ್ಲಿದ್ದ ಗುಳಿಗೆಯನ್ನೆಲ್ಲ ಅಕ್ಕನ ಉಡಿಗೆ ಹಾಕಿದೆ. ಊಟವಾದ ಮೇಲೆ ಕೊಡು, ಚಹಾದ ಜೊತೆ ಕೊಡಬೇಡ, ನಿಂಬೆಹಣ್ಣು ಹಿಂಡಿಕೊಡು, ಮಲ ಕಪ್ಪಗಾಗುತ್ತದೆ, ಹೆದರಬೇಡ, ಹಬ್ಬ ಮುಗಿಯುತ್ತಲೇ ಲೇಡಿ ಡಾಕ್ಟರಿಗೆ ತೋರಿಸು ಎಂದು ಎಲ್ಲವನ್ನೂ ಹೇಳಿದೆ. ಅಕ್ಕ ಹೂಂ ಹೂಂ ಎಂದಳು. ಆಮೇಲೆ ಫೋನು ಮಾಡಿದಾಗಲೆಲ್ಲ "ಕೊಡಾಕತ್ತೀನಿ ತಂಗಿ, ನಿನ್ನ ಆಣಿ" ಎಂದಳು. ಡಾಕ್ಟರಿಗೆ ತೋರಿಸಿದೆಯಾ ಎಂದರೆ, "ಈ ವಾರ ಹೋಗ್ತೀವಿ" ಎಂದಳು. ವಾರಗಳು ಹೋದವು.

ದೀಪಾವಳಿ ಹೊತ್ತಿಗೆ ಒಂದು ದಿನ ಹೇಳದೆ ಕೇಳದೆ ಹೋದೆ. ಅಂಗಳದ ಕರಿಬೇವಿನ ಗಿಡ ಹಚ್ಚಗೆ ಹಬ್ಬಿ ನಿಂತಿತ್ತು. ಪಂಚಮಿಗೆ ನೋಡಿದಾಗ ಅದು ಒಣಕಲು ಕಡ್ಡಿಯಾಗಿತ್ತು. ಏನು ಹಾಕಿದಿರೇ ಇದಕ್ಕೆ ಎಂದು ಸುಮ್ಮನೆ ಕೇಳಿದೆ. ಚಿಕ್ಕವಳು ನಗುನಗುತ್ತ ಹೇಳಿಬಿಟ್ಟಳು.

"ಅವ್ವ ನಿನ್ನ ಗುಳಿಗಿ ಎಲ್ಲಾ ಬುಡಕ್ಕ ಹಾಕ್ಯಾಳ ಚಿಗವ್ವ. ಒಂದೆರಡು ತಿಂದಿದ್ಲು ಅಕ್ಕ. ಕರ್ರಗ ಹೋಗಾಕತ್ತಿದ ಕೂಡಲೆ ಅವ್ವ ಬ್ಯಾಡಂದ್ಲು."

ನಾನು ಅಡುಗೆಮನೆಗೆ ನುಗ್ಗಿದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು, ಕೈ ಮಾತ್ರ ನಿಲ್ಲಲಿಲ್ಲ.

"ಗಿಡಕ್ಕರ ಆಗಲಿ ಅಂತ ಹಾಕೀನಿ. ಏನೀಗ?"

"ಗಿಡ ಬದುಕ್ತು ಅಕ್ಕ, ಹುಡುಗಿ ಸಾಯ್ತಾಳ!"

"ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಅಕ್ಕ ಚೀರಿದಳು. ರೊಟ್ಟಿ ಹಂಚಿನ ಮೇಲೆ ಹೊತ್ತಿ ಕಮರು ವಾಸನೆ ಬಂತು. "ನಿನಗ ಹೊಟ್ಟಿ ಉರಿ. ನಿನಗ ಯಾರೂ ಬರಲಿಲ್ಲ. ನನ್ನ ಮಗಳಿಗಿ ಯಾದಗಿರಿ ಕಡಿಂದ ಮಂದಿ ಕೇಳಿಕೊಂಡು ಬರಾಕತ್ತಾರ. ಫೋಟೋ ನೋಡೇ ಒಪ್ಪ್ಯಾರ. ಹುಡುಗಿ ಬೆಳ್ಳಗದಾಳ ಅಂತ ಒಪ್ಪ್ಯಾರ! ನಮ್ಮ ಮನಿತನದಾಗ ಯಾರಿಗರ ಆ ಮಾತು ಅಂದಾರೇನ ಹೇಳ?"

ಯಾರಿಗೂ ಅಂದಿರಲಿಲ್ಲ, ಅದು ನಿಜ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಹುಡುಗಿಗೆ ಹದಿನೆಂಟು ತುಂಬಿ, ಪರೀಕ್ಷೆ ಮುಗಿದ ಮೇಲೆಯೇ ಮದುವೆಯಂತೆ, ಈಗ ಕನ್ಯೆ ನೋಡುವುದಷ್ಟೇ ಅಂತೆ. ನಾನು ಕಾಲು ಹಿಡಿದೆ. ಸುಳ್ಳಲ್ಲ, ಅಕ್ಕನ ಕಾಲು ಹಿಡಿದುಕೊಂಡು, ಒಂದು ಸಲ ರಕ್ತ ಪರೀಕ್ಷೆಯನ್ನಾದರೂ ಮಾಡಿಸು ಎಂದು ಬೇಡಿಕೊಂಡೆ. ದವಾಖಾನೆ ಹತ್ತಿದ ಹುಡುಗಿ ಎಂದು ಹೆಸರು ಬಂದರೆ ಯಾರು ಮಾಡಿಕೊಳ್ಳುತ್ತಾರೆ ಎಂದು ಅವಳು ಕಾಲು ಬಿಡಿಸಿಕೊಂಡಳು. ನಮ್ಮಲ್ಲಿ ಗಂಡಸರು ದವಾಖಾನೆಗೆ ಹೋಗುತ್ತಾರೆ, ಹೆಣ್ಣುಮಕ್ಕಳು ದವಾಖಾನೆ ಹತ್ತುತ್ತಾರೆ. ಹತ್ತಿದವಳು ಮಂದಿಯ ಕಣ್ಣಲ್ಲಿ ಮತ್ತೆ ಇಳಿಯುವುದೇ ಇಲ್ಲ.

ಅದಾಗಿ ಕೆಲವೇ ದಿನಕ್ಕೆ ಹುಡುಗಿಯೇ ಫೋನು ಮಾಡಿದಳು. ಕಾಲೇಜಿನ ಗೆಳತಿಯ ಫೋನು. ಮಾತಿನ ನಡುನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಚಿಗವ್ವ, ಕಾಲೇಜಿನ ಮೆಟ್ಟಲಾ ಹತ್ತಾಕ ಆಗವಲ್ದು. ಎದಿ ಡಬಡಬ ಹೊಡಕೊಳ್ತದ. ಕಿವ್ಯಾಗ ಗುಂಯ್ ಅಂತದ. ನೀ ಬರ್ತೀಯೇನ?"

ಸಿಕ್ಕ ಬಸ್ಸು ಹತ್ತಿ ಹೋದೆ. ಕಾಲೇಜಿನಿಂದ ನೇರವಾಗಿ ದವಾಖಾನೆಗೆ ಕರೆದೊಯ್ದೆ. ಅವಳ ಚಪ್ಪಲಿ ಕಾಲಿಗೆ ಹೊಂದುತ್ತಿರಲಿಲ್ಲ, ಪಾದ ಬಾತಿದ್ದವು. ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಚೀಟಿಯನ್ನು ನೋಡಿ, ಹುಡುಗಿಯನ್ನು ನೋಡಿ, ಇವಳು ನಡೆದುಕೊಂಡು ಬಂದಳಾ ಎಂದು ಕೇಳಿದರು. ಇರಬೇಕಾದ್ದರಲ್ಲಿ ಅರ್ಧ ರಕ್ತವೂ ಅವಳ ಮೈಯಲ್ಲಿ ಇರಲಿಲ್ಲ. ತಡಮಾಡದೆ ಯಾದಗಿರಿಯ ದೊಡ್ಡ ದವಾಖಾನೆಗೆ ಸೇರಿಸಿ ರಕ್ತ ಏರಿಸಬೇಕು, ತಂದೆತಾಯಿ ಬಂದು ಒಪ್ಪಿಗೆ ಕೊಡಲಿ ಎಂದರು. ನಾನು ಅಕ್ಕನಿಗೂ ಅವಳ ಗಂಡ ಮಾಮನಿಗೂ ಫೋನು ಹಚ್ಚಿದೆ.

ಇಬ್ಬರೂ ಬಂದರು. ಅಕ್ಕ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಂಡು ಗೇಟಿನಲ್ಲೇ ನಿಂತಳು. ಡಾಕ್ಟರಮ್ಮನೇ ಹೊರಗೆ ಬಂದು ಅವಳಿಗೆ ತಿಳಿಸಿ ಹೇಳಿದರು. ಮಾಮನ ಮುಖ ಕಂದಿತು. "ಯಾದಗಿರಿಗಿ ಹೋಗೂಣಂತ ನಡಿ," ಎಂದು ಗಾಡಿಯ ಕಡೆ ತಿರುಗಿದರು. ಅಕ್ಕ ಅವರ ತೋಳು ಹಿಡಿದಳು.

"ನಾಳಿ ಅವರು ಬರಾಕತ್ತಾರ. ಕನ್ಯಾ ನೋಡೂ ದಿನ ಹುಡುಗಿ ದವಾಖಾನ್ಯಾಗ ಮಲಗ್ಯಾಳ ಅಂತ ಹೇಳಲೇನ? ನಾಳಿ ಒಂದು ದಿನ ಬಿಡ್ರಿ. ನಾಡದ ಮುಂಜಾನಿ ಈಕಿ ಎಲ್ಲಿ ಅಂತಾಳ ಅಲ್ಲಿ ಒಯ್ಯೂಣು. ನಾನs ಬರ್ತೀನಿ. ನನ್ನ ಮಕ್ಕಳಾಣಿ."

"ಒಂದು ದಿನಾನೂ ಇಲ್ಲ ಅಕ್ಕ!" ಎಂದು ನಾನು ಕೂಗಾಡಿದೆ. ಪೊಲೀಸರನ್ನು ಕರೆಸುತ್ತೇನೆ ಎಂದೆ, ಆಫೀಸಿನವರಿಗೆ ಹೇಳುತ್ತೇನೆ ಎಂದೆ. ದವಾಖಾನೆಗೆ ಬಂದ ಮಂದಿಯೆಲ್ಲ ನಿಂತು ನೋಡುತ್ತಿದ್ದರು. ಮಾಮ ನನ್ನ ಮುಖ, ಅವಳ ಮುಖ ನೋಡುತ್ತ ನಿಂತರು. ಆಗ ಹುಡುಗಿಯೇ ನಡುವೆ ಬಂದಳು.

"ಜಗಳಾಡಬ್ಯಾಡ್ರಿ. ಚಿಗವ್ವ, ಒಂದs ದಿನ ಅಲ್ಲ. ಅವ್ವ ಭಾಳ ಆಸಿ ಇಟಗೊಂಡಾಳ. ನಾ ತಡಕೊಳ್ತೀನಿ."

ಅವಳು ತಾಯಿಯ ಕೈ ಹಿಡಿದುಕೊಂಡು ಗಾಡಿ ಹತ್ತಿದಳು. ಡಾಕ್ಟರಮ್ಮ ಕೂಗಿ ಕರೆದರು, ಅಕ್ಕ ಹಿಂದೆ ತಿರುಗಿ ನೋಡಲಿಲ್ಲ. ಮಾರನೆಯ ದಿನ ಮನೆಯ ಹತ್ತಿರ ಬರಬೇಡ, ನಿನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಗಾಡಿ ಹತ್ತುವ ಮೊದಲೇ ನನಗೆ ತಾಕೀತು ಮಾಡಿದ್ದಳು.

ನಾನು ಯಾದಗಿರಿಗೆ ಹೋದೆ. ಮರುದಿನ ಅಲ್ಲಿಯ ಡಾಕ್ಟರರನ್ನು ಕಂಡು ಹಾಸಿಗೆ ಹಿಡಿದಿಟ್ಟೆ. ರಕ್ತನಿಧಿಯಲ್ಲಿ ನಾನು ರಕ್ತ ಕೊಟ್ಟೆ, ಬದಲಿಗೆ ಅವಳ ಗುಂಪಿನ ಚೀಲ ತೆಗೆದಿಡುತ್ತೇವೆ ಎಂದರು. ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದೆ. ನನ್ನ ರಕ್ತ ಕೊಳವೆಯಲ್ಲಿ ಇಳಿಯುವುದನ್ನು ನೋಡುತ್ತ, ನಾಳೆ ಮುಂಜಾನೆ, ನಾಳೆ ಮುಂಜಾನೆ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದೆ. ಎದೆಯ ಮೇಲಿಟ್ಟಿದ್ದ ಫೋನು ಬಡಿದುಕೊಂಡಿತು. ಮಾಮ. ಗಾಡಿಯ ಸದ್ದಿನಲ್ಲಿ ಅವರ ಮಾತು ಅರ್ಧ ಕೇಳಿಸಿತು.

"ಬಿದ್ದಾಳ ತಂಗಿ. ಅವರ ಮುಂದs ಬಿದ್ದಾಳ. ಶಹಾಪುರ ದಾಟೀನಿ. ಬರಾಕತ್ತೀನಿ, ನೀ ಎಲ್ಲಾ ತಯಾರ ಇಡು."

ಆಮೇಲೆ ಚಿಕ್ಕವಳ ಬಾಯಿಂದ ತಿಳಿದದ್ದು ಇಷ್ಟು. ಬಂದವರು ಕೆಳಗಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿದ್ದರು. ಹುಡುಗಿ ಬಿಸಿಲಲ್ಲಿ ಹೇಗೆ ಕಾಣುತ್ತಾಳೆ, ಪೌಡರ್ ಬಳಿದ ಬಣ್ಣವೋ ಹುಟ್ಟಿದ ಬಣ್ಣವೋ ನೋಡಬೇಕು ಎಂದು ಅವರ ಕಡೆಯ ಹಿರಿಯ ಹೆಂಗಸು ಹೇಳಿದಳಂತೆ. ಅದಕ್ಕೆ ಅವಳನ್ನು ಸೀರೆ ಉಡಿಸಿ ಕೆಳಗೆ ಕರೆದುಕೊಂಡು ಹೋಗಿ, ಅವರ ಜೊತೆ ಮತ್ತೆ ಮೇಲೆ ಹತ್ತಿಸಿದ್ದಾರೆ. ಪೌಡರ್ ಹಚ್ಚಿರಲಿಲ್ಲ. ಆ ಹೆಂಗಸು ಸೆರಗಿನ ತುದಿಯಿಂದ ಅವಳ ಕೆನ್ನೆ ಒರೆಸಿ ನೋಡಿ, "ಖರೇ ಬಣ್ಣ ಅದ" ಎಂದು ಮೆಚ್ಚಿಕೊಂಡಳಂತೆ. ಅರ್ಧ ಮೆಟ್ಟಿಲಿಗೆ ಹುಡುಗಿ ಕುಳಿತಳು. ಅಕ್ಕ ನಗುತ್ತ "ನಾಚಿಕಿ ಆಕಿಗಿ" ಎಂದು ಎಬ್ಬಿಸಿದಳು. ಮೇಲೆ ಹೋಗಿ, ಚಹಾದ ತಾಟು ಹಿಡಿದುಕೊಂಡು ಹೊರಗೆ ಬಂದವಳು ಹೊಸ್ತಿಲಲ್ಲಿ ಕುಸಿದಳು.

ನಾನು ತೋಳಿಗೆ ಹತ್ತಿ ಒತ್ತಿಕೊಂಡು ದವಾಖಾನೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹಾಸಿಗೆ ತಯಾರಿತ್ತು, ರಕ್ತದ ಚೀಲ ತಯಾರಿತ್ತು, ನರ್ಸಮ್ಮಂದಿರು ಓಡಿಬಂದು ಸ್ಟ್ರೆಚರ್ ಹಿಡಿದು ನಿಂತಿದ್ದರು. ಗಾಡಿ ಬಂತು. ಹಿಂದಿನ ಸೀಟಿನಲ್ಲಿ ಅಕ್ಕ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಕೆನ್ನೆ ತಟ್ಟುತ್ತ "ಏಳವ್ವ, ದವಾಖಾನಿ ಬಂತು, ಏಳು" ಎನ್ನುತ್ತಿದ್ದಳು. ಡಾಕ್ಟರರು ಗಾಡಿಯಲ್ಲೇ ನಾಡಿ ಹಿಡಿದರು. ಒಳಗೆ ಒಯ್ದು ಎದೆ ಒತ್ತಿದರು, ಏನೇನೋ ಮಾಡಿದರು. ಕೊನೆಗೆ ಕೈಬಿಟ್ಟು ನನ್ನ ಕಡೆ ನೋಡಿದರು. ಅವಳಿಗಾಗಿ ತೆಗೆದಿಟ್ಟ ರಕ್ತ ಹಾಗೆಯೇ ತಣ್ಣಗೆ ಇತ್ತು.

ಸುರಪುರಕ್ಕೆ ವಾಪಸು ತಂದೆವು. ಮಾರನೆಯ ದಿನ, ನಾಡಿದ್ದು ಎಂದು ಅಕ್ಕ ಮಾತು ಕೊಟ್ಟಿದ್ದಳಲ್ಲ, ಅದೇ ಮುಂಜಾನೆ, ಅವಳನ್ನು ನಡುಮನೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ಕುಂಕುಮ, ಕೊರಳಿಗೆ ಹೂವು. ಅಕ್ಕ ಅವಳ ಕಾಲಬಳಿ ಕುಳಿತಿದ್ದಳು. ಗಾಡಿಯಿಂದ ಇಳಿದ ಮೇಲೆ ಅವಳ ಕಣ್ಣಿಂದ ಒಂದು ಹನಿ ನೀರೂ ಬಂದಿರಲಿಲ್ಲ. ಓಣಿಯ ಹೆಂಗಸರು ಬಂದು ಬಂದು ಕುಳಿತರು. ಸಮಾಧಾನ ಹೇಳಬೇಕೆಂದು ಒಬ್ಬಳು ಹೇಳಿದಳು.

"ಮಕ ನೋಡ್ರೆವ್ವ, ಎಷ್ಟು ಬೆಳ್ಳಗ, ಮಲಕೊಂಡಂಗ ಅದ."

ಖಾಲಾ ಎದೆ ಬಡಿದುಕೊಂಡು "ಹಾಯ್ ಮೇರಿ ಗೋರಿ" ಎಂದು ಅತ್ತಳು. ಪಾಪ, ಅವಳಿಗೆ ನಿಜವಾಗಿಯೂ ಕರುಳು ಕಿತ್ತು ಬಂದಿತ್ತು. ಆಗ ಅಕ್ಕ ತಲೆ ಎತ್ತಿದಳು.

"ಅನಬ್ಯಾಡ್ರಿ," ಎಂದಳು. ಧ್ವನಿ ಅವಳದಾಗಿರಲಿಲ್ಲ. "ಬೆಳ್ಳಗಿಲ್ಲ ಆಕಿ. ಬಿಳಚಿಕೊಂಡಾಳ. ನನ್ನ ತಂಗಿ ಹೇಳಿದ್ಲು. ಬೆಳ್ಳಗಾದಾಕಿ ಮೆಟ್ಟಲ ಹತ್ತತಾಳ. ಈಕಿ ಅರ್ಧದಾಗ ಕುಂತ್ಲು. ನಾ ಎಬ್ಬಿಸಿದೆ. ಕೈ ಹಿಡದು ಎಬ್ಬಿಸಿದೆ."

ಅಕ್ಕ ಸುತ್ತ ನೋಡಿದಳು. ಮೂಲೆಯಲ್ಲಿ ಕುಳಿತಿದ್ದ ಚಿಕ್ಕವಳನ್ನು ಕಂಡು, ತೋಳು ಹಿಡಿದು ದರದರ ಎಳೆದುಕೊಂಡು ಬಾಗಿಲ ಬೆಳಕಿಗೆ ತಂದಳು. ಮಗು ಹೆದರಿ ಅತ್ತಿತು. ಅಕ್ಕ ಹೆಬ್ಬೆರಳಿನಿಂದ ಅದರ ಕೆಳರೆಪ್ಪೆಯನ್ನು ಕೆಳಗೆ ಎಳೆದಳು. ನಾನು ಸಭೆಗಳಲ್ಲಿ ತೋರಿಸುವುದು ಹಾಗೆಯೇ. ಪಂಚಮಿಯ ದಿನ ನಾನು ದೊಡ್ಡವಳ ಕಣ್ಣು ನೋಡಿದ ರೀತಿಯನ್ನು ಅವಳು ಮರೆತಿರಲಿಲ್ಲ.

"ಬಾ ಇಲ್ಲಿ ತಂಗಿ. ನೋಡ. ಇದು ಕೆಂಪದನ? ನನಗ ಫರಕ ತಿಳಿಯಂಗಿಲ್ಲ. ಖರೇ ಹೇಳ."

ನಾನು ಬಗ್ಗಿ ನೋಡಿದೆ. ಸುಳ್ಳು ಹೇಳಬೇಕು ಎನಿಸಿತು. ಹೆಣದ ಮುಂದೆ ಕುಳಿತ ತಾಯಿಗೆ ಯಾರು ತಾನೇ ಆ ಮಾತು ಹೇಳಿಯಾರು?

"ಇಲ್ಲಕ್ಕ," ಎಂದೆ. "ಈಕಿದೂ ಕೆಂಪಿಲ್ಲ."

"ಹಂಗಾದ್ರ ಹೋಗು. ನಾ ಏಳಂಗಿಲ್ಲ, ನೀ ಕರಕೊಂಡು ಹೋಗು. ಈಗs ಹೋಗು."

ಹಿರಿಯಳೊಬ್ಬಳು ಅಡ್ಡ ಬಂದಳು. "ಮನ್ಯಾಗ ಹೆಣ ಇಟಗೊಂಡು ಹೊಸಲಿ ದಾಟಬಾರದವ್ವ. ಮಣ್ಣಾಗಲಿ. ನಾಳಿ ಹೋಗ್ತಾರ ತಗೊ."

"ನಾಳಿ ಅನಬ್ಯಾಡ್ರಿ!"

ಅಕ್ಕ ಚೀರಿದ ಚೀರಾಟಕ್ಕೆ ಹೊರಗಿದ್ದ ಗಂಡಸರೆಲ್ಲ ಎದ್ದು ನಿಂತರು. "ನಾಳಿ ಅಂದಾಕಿ ನಾನs! ಆ ನಾಳಿ ಇಲ್ಲಿ ಗ್ವಾಡಿಗಿ ಕುಂತದ, ನೋಡ್ರಿ! ನೋಡ್ರಿ!" ಎಂದು ಮಗಳ ಕಾಲಿಗೆ ಹಣೆ ಚಚ್ಚಿಕೊಂಡಳು. ಆಗ ಅವಳಿಗೆ ಅಳು ಬಂತು.

ನಾನು ಚಿಕ್ಕವಳ ಕೈ ಹಿಡಿದುಕೊಂಡು ಹೊಸ್ತಿಲು ದಾಟಿ ಮೆಟ್ಟಿಲು ಇಳಿದೆ. ಯಾರೂ ತಡೆಯಲಿಲ್ಲ. ದೊಡ್ಡವಳ ಮುಖವನ್ನು ಇನ್ನೊಂದು ಸಲ ನೋಡಲಿಲ್ಲ, ತಿರುಗಿ ನೋಡಿದ್ದರೆ ಕಾಲು ಮುಂದೆ ಬರುತ್ತಿರಲಿಲ್ಲ. ನನ್ನ ಕೈಚೀಲ ಹಿಡಿದು ಓಡುತ್ತಿದ್ದ ಆ ಹುಡುಗಿಗೆ ನಾನು ಒಂದು ಹಿಡಿ ಮಣ್ಣು ಹಾಕಲಿಲ್ಲ.

ದವಾಖಾನೆಯಲ್ಲಿ ನರ್ಸಮ್ಮ ಚಿಕ್ಕವಳ ಬೆರಳು ಹಿಡಿದು ಸೂಜಿ ಚುಚ್ಚಿದರು. ರಕ್ತ ಬರಲಿಲ್ಲ, ಒತ್ತಿ ಒತ್ತಿ ಒಂದು ತೆಳ್ಳನೆಯ ಹನಿ ತೆಗೆದರು. ಗುಡ್ಡದ ಕಡೆಯಿಂದ ಭಜನೆಯ ತಾಳದ ಸದ್ದು ಕೇಳಿಬಂತು. ಹುಡುಗಿ ಕಿವಿ ನಿಮಿರಿಸಿದಳು.

"ಚಿಗವ್ವ, ಅಕ್ಕನ್ನ ಒಯ್ಯಾಕತ್ತಾರೇನ?"

"ಕೈ ಅಲ್ಲಾಡಿಸಬ್ಯಾಡ," ಎಂದೆ.